ಪಲ್ಮನರಿ ಫೈಬ್ರೋಸಿಸ್‌ಗೆ ಲಂಗ್ ಟ್ರಾನ್ಸ್‌ಪ್ಲಾಂಟ್: ಯಾವಾಗ ಕೇಳ್ಬೇಕು, ಹೇಗೆ ತಯಾರಾಗ್ಬೇಕು, ಆಮೇಲೆ ಮನೇಲಿ ಏನೇನು

ಲಂಗ್ ಟ್ರಾನ್ಸ್‌ಪ್ಲಾಂಟ್ (ಶ್ವಾಸಕೋಶ ಕಸಿ) ಬಗ್ಗೆ ಡಾಕ್ಟರ್ ಹತ್ರ ಯಾವಾಗ ಕೇಳ್ಬೇಕು ಅಂದ್ರೆ, ಅಯ್ಯೋ ಅದೆಲ್ಲಾ ಈಗ್ಲೇ ಯಾಕೆ ಅಂತ ಮನೇಲಿ ಎಲ್ರೂ ಅನ್ನೋ ಹೊತ್ತಲ್ಲೇ ಕೇಳ್ಬೇಕು. ನಾವು ಕೇಳ್ಲಿಲ್ಲ. ನಮ್ಮಕ್ಕ ಒಣಕೆಮ್ಮಿಗೆ ಒಂದು ವರ್ಷ ಆಸ್ತಮಾ ಅಂತ ಇನ್ಹೇಲರ್ ಎಳೆದ್ಲು, ಆಮೇಲೆ ಟಿಬಿ ಇರಬಹುದು ಅಂತ ಆರು ತಿಂಗಳು ಮಾತ್ರೆ ನುಂಗಿದ್ಲು, ಕೊನೆಗೆ ಯಾರೋ ಪುಣ್ಯಾತ್ಮರು ಬೆನ್ನಿಗೆ ಸ್ಟೆತ್ ಇಟ್ಟು ಕೇಳಿ, ಚಪ್ಪಲಿಯ ವೆಲ್ಕ್ರೋ ಪಟ್ಟಿ ಕಿತ್ತಂಗೆ ಸದ್ದು ಬರ್ತಿದೆ, ಎಚ್‌ಆರ್‌ಸಿಟಿ (ಎದೆಯ ಸೂಕ್ಷ್ಮ ಸಿಟಿ ಸ್ಕ್ಯಾನ್) ಮಾಡಿಸಿ ಅಂದ್ರು. ರಿಪೋರ್ಟಲ್ಲಿ ಫೈಬ್ರೋಸಿಸ್ ಅಂತ ಬಂತು. ಅದಾದ್ಮೇಲೂ ಒಂದೂವರೆ ವರ್ಷ ನಾವು ಟ್ರಾನ್ಸ್‌ಪ್ಲಾಂಟ್ ಅನ್ನೋ ಪದ ಬಾಯಿಗೆ ತಂದಿರ್ಲಿಲ್ಲ, ಅಪಶಕುನ ಅನ್ನೋ ಹಾಗೆ. ನಾನು ಡಾಕ್ಟರ್ ಅಲ್ಲ, ಅಕ್ಕನ ಜೊತೆ ಓಡಾಡಿದವನು ಅಷ್ಟೇ, ಓಡಾಡಿ ಕಲಿತಿದ್ದನ್ನ ಬರೀತಿದ್ದೀನಿ.

ಕಾಯಿಲೆ ಬಗ್ಗೆ ಎರಡು ಮಾತು ಸಾಕು. ಮೆತ್ತಗೆ ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ಗಾಯದ ಕಲೆ ಕಟ್ಟಿ ಗಟ್ಟಿಯಾಗ್ತಾ ಹೋಗತ್ತೆ, ಹಸಿ ಹೀರೆಕಾಯಿ ಬಳ್ಳಿಯಲ್ಲೇ ಒಣಗಿ ನಾರಾದಂಗೆ. ಕಲೆ ಬಿದ್ದ ಜಾಗ ವಾಪಸ್ ಸರಿಹೋಗಲ್ಲ. ಕಾರಣ ಗೊತ್ತಿಲ್ಲದೆ ಬಂದ್ರೆ ಐಪಿಎಫ್ ಅಂತಾರೆ. ನಮ್ಮ ದೇಶದಲ್ಲಿ ಏರ್ ಕೂಲರ್‌ನ ಬೂಷ್ಟು, ಪಾರಿವಾಳದ ಹಿಕ್ಕೆ, ಇಂಥದಕ್ಕೆ ಶ್ವಾಸಕೋಶ ಅಲರ್ಜಿಯಾಗಿ ಕಲೆ ಕಟ್ಟೋದೂ ತುಂಬಾ. 2017ರಲ್ಲಿ ಬಂದ ಭಾರತದ ಐಎಲ್‌ಡಿ (ಈ ಥರದ ಶ್ವಾಸಕೋಶದ ಕಾಯಿಲೆಗಳ ಗುಂಪು) ರಿಜಿಸ್ಟ್ರಿಯಲ್ಲಿ 1,084 ಜನರ ಪೈಕಿ 47% ಇದೇ ಥರದವರು, ಐಪಿಎಫ್ ಇದ್ದಿದ್ದು 14% ಹತ್ರ. ಅಕ್ಕಂದೂ ಪಾರಿವಾಳದ್ದೇ, ಮನೆ ಮಾಳಿಗೆ ಮೇಲೆ ದಿನಾ ಕಾಳು ಹಾಕ್ತಿದ್ಲು. ಪಿರ್ಫೆನಿಡೋನ್, ನಿಂಟೆಡಾನಿಬ್ ಅಂತ ಎರಡು ಮಾತ್ರೆ ಇವೆ, ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿದ್ದು, ಈಗ ಇಲ್ಲೂ ಸಿಗುತ್ವೆ. ಕಾಯಿಲೆ ಓಡೋ ಸ್ಪೀಡ್ ಕಮ್ಮಿ ಮಾಡ್ತವೆ, ನಿಲ್ಲಿಸಲ್ಲ. ಔಷಧಿ ಇಲ್ದಿದ್ರೆ ಐಪಿಎಫ್ ಪತ್ತೆಯಾದ ಮೇಲೆ ಅರ್ಧ ಜನ 3ರಿಂದ 5 ವರ್ಷ ದಾಟಲ್ಲ ಅನ್ನೋದು ಹಳೇ ಲೆಕ್ಕ, ಕೇಳೋಕೆ ಕಷ್ಟ ಆದ್ರೂ ಈ ಲೆಕ್ಕ ಗೊತ್ತಿದ್ರೇನೆ ಬೇಗ ಯಾಕೆ ಕೇಳ್ಬೇಕು ಅನ್ನೋದು ಅರ್ಥ ಆಗೋದು.

ಯಾವಾಗ ಕೇಳೋದು

ರೆಫರಲ್ ಬೇರೆ, ಆಪರೇಷನ್ ಬೇರೆ. ಇದನ್ನ ಮನೇಲಿ ಎಲ್ರಿಗೂ ಕೂರಿಸಿ ಹೇಳಿ. ಟ್ರಾನ್ಸ್‌ಪ್ಲಾಂಟ್ ಸೆಂಟರ್‌ಗೆ ಹೋದ ತಕ್ಷಣ ಎದೆ ಕೊಯ್ಯಲ್ಲ, ನಿಮ್ಮನ್ನ ನೋಡಿ ಫೈಲ್ ಓಪನ್ ಮಾಡಿ "ಇನ್ನೂ ಟೈಮ್ ಇದೆ, ಮೂರ್ನಾಲ್ಕು ತಿಂಗಳು ಬಿಟ್ಟು ಬನ್ನಿ" ಅಂತ ಕಳಿಸಬಹುದು, ಹಾಗೆ ಕಳಿಸಿದ್ರೆ ಅದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ಈಗ ಡಾಕ್ಟರ್‌ಗಳು ಪಾಲಿಸೋ ಅಂತಾರಾಷ್ಟ್ರೀಯ ಪದ್ಧತಿ ಪ್ರಕಾರ ಸಿಟಿಯಲ್ಲಿ ಯುಐಪಿ ಅನ್ನೋ ಜೇನುಗೂಡಿನ ಥರದ ಪ್ಯಾಟರ್ನ್ ಕಂಡ ದಿನವೇ ಕಳಿಸಬೇಕು. ಇಲ್ಲಾಂದ್ರೆ ಊದೋ ಟೆಸ್ಟಲ್ಲಿ ಎಫ್‌ವಿಸಿ (ಒಂದೇ ಉಸಿರಿಗೆ ಊದಿ ಹೊರಹಾಕೋ ಗಾಳಿ) ಇರಬೇಕಾದ್ದರ 80%ಗಿಂತ ಕೆಳಗೆ ಬಂದ್ರೆ, ಡಿಎಲ್‌ಸಿಓ (ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ದಾಟಿಸೋ ಶಕ್ತಿ) 40%ಗಿಂತ ಕೆಳಗೆ ಹೋದ್ರೆ, ಆಕ್ಸಿಜನ್ ಹಾಕೋ ಹಾಗಾದ್ರೆ, ಅದು ನಡೆಯೋವಾಗ ಮಾತ್ರ ಆದ್ರೂ ಸರಿ, ಕಳಿಸಬೇಕು. ಲಿಸ್ಟಿಗೆ ಹೆಸರು ಹಾಕೋದು ಅದರ ಮುಂದಿನ ಹಂತ: 6 ತಿಂಗಳಲ್ಲಿ ಎಫ್‌ವಿಸಿ 10% ಇಳಿದ್ರೆ, 6 ನಿಮಿಷದ ನಡಿಗೆಯಲ್ಲಿ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 88ರ ಕೆಳಗೆ ಹೋದ್ರೆ, ನಡೆಯೋ ದೂರ 50 ಮೀಟರ್‌ಗಿಂತ ಜಾಸ್ತಿ ಕಮ್ಮಿ ಆದ್ರೆ, ಶ್ವಾಸಕೋಶದ ಬಿಪಿ ಏರಿದ್ರೆ, ಉಸಿರು ಕೆಟ್ಟು ಒಂದು ಸಲ ಅಡ್ಮಿಟ್ ಆದ್ರೂ.

ಇಲ್ಲಿ ನಾವು ಮೋಸ ಹೋಗಿದ್ದು ಬೆರಳಿಗೆ ಹಾಕೋ ಆಕ್ಸಿಮೀಟರ್ ಇಂದ. ಸೋಫಾ ಮೇಲೆ ಕೂತಾಗ 95 ತೋರಿಸ್ತಿತ್ತು, ಚೆನ್ನಾಗಿದೆ ಅಂತ ನೆಮ್ಮದಿಯಾಗಿದ್ವಿ. ಒಂದಿನ ಅವಳು ಬಟ್ಟೆ ಒಣಗಿಸಿ ಬಂದು ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಾಗ ಹಾಕಿ ನೋಡಿದ್ರೆ 83. ಕೂತಾಗಿನ ನಂಬರ್ ನಂಬ್ಬೇಡಿ, ನಡೆಸಿ ನೋಡಿ. ಮೆಹಂದಿ, ನೇಲ್ ಪಾಲಿಶ್ ಇಲ್ಲದ ಬೆರಳಿಗೆ ಹಾಕಿ, ನಡೆದು ನಿಂತ ಮೇಲೂ ಒಂದು ನಿಮಿಷ ತೆಗೀಬೇಡಿ, ಕೆಲವರಿಗೆ ನಿಂತ್ಮೇಲೇ ಜಾಸ್ತಿ ಇಳಿಯತ್ತೆ.

ಲೋಕಲ್ ಡಾಕ್ಟರ್ ಹತ್ರ ಸುತ್ತಿ ಬಳಸಿ ಕೇಳ್ಬೇಡಿ. "ಸಾರ್, ಟ್ರಾನ್ಸ್‌ಪ್ಲಾಂಟ್ ಸೆಂಟರ್‌ಗೆ ಒಂದು ರೆಫರಲ್ ಲೆಟರ್ ಕೊಡಿ" ಅಂತ ನೇರ ಕೇಳಿ. ನಮಗೆ ಒಬ್ಬರು "ಅದೆಲ್ಲಾ ನಮ್ಮಂಥೋರಿಗೆ ಆಗಲ್ಲಮ್ಮ" ಅಂತ ಅಕ್ಕನ ಮುಂದೇನೇ ಹೇಳಿ ಕಳಿಸಿದ್ರು, ಆ ಒಂದು ಮಾತಿಂದ ನಮಗೆ ಎಂಟು ತಿಂಗಳು ಹೋಯ್ತು.

ಹೋಗೋವಾಗ ಫೈಲ್ ಸರಿಯಾಗಿರಲಿ. ಸಿಟಿ ಫಿಲ್ಮ್ ಸಾಲಲ್ಲ, ಸ್ಕ್ಯಾನ್ ಸೆಂಟರ್‌ನಿಂದ ಸಿಡಿ ಕೇಳಿ ಇಸ್ಕೊಳ್ಳಿ, ಹಳೇ ಸಿಟಿಯದ್ದೂ. ಒಂದು ಎ4 ಹಾಳೆಯಲ್ಲಿ ತಾರೀಕು, ಎಫ್‌ವಿಸಿ, ಡಿಎಲ್‌ಸಿಓ, ಎಷ್ಟು ಮೀಟರ್ ನಡೆದ್ರು, ಸ್ಯಾಚುರೇಷನ್ ಎಷ್ಟಕ್ಕೆ ಇಳೀತು, ತೂಕ, ಸ್ಟೀರಾಯ್ಡ್ ಎಷ್ಟು ಮಿಲಿಗ್ರಾಂ, ಇಷ್ಟನ್ನ ಸಾಲಾಗಿ ಬರೀರಿ. ನಾನು ಬರೆದಿದ್ದ ಹಾಳೆ ನೋಡಿ ಅಲ್ಲಿನ ಡಾಕ್ಟರ್ ಮೊದಲು ಅದನ್ನೇ ಓದಿದ್ರು, ಮೂರು ಕೆಜಿ ಫೈಲು ಹಾಗೇ ಟೇಬಲ್ ಮೇಲಿತ್ತು.

ಮೈಯನ್ನ ರೆಡಿ ಮಾಡೋದು

ಸೆಂಟರ್‌ನೋರು ಬೇಡ ಅನ್ನೋಕೆ ಕೆಲವು ಕಾರಣ ನಮ್ಮ ಕೈಲೇ ಇರ್ತವೆ, ಅವನ್ನ ಮೊದಲೇ ಸರಿ ಮಾಡ್ಕೊಳ್ಳಿ. ತೂಕ ಜಾಸ್ತಿ ಆದ್ರೂ ಕಷ್ಟ, ತೀರಾ ಕಮ್ಮಿ ಆದ್ರೂ ಕಷ್ಟ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30 ದಾಟಿದ್ರೆ ಇಳಿಸಿ ಅಂತಾರೆ, 35 ದಾಟಿದ್ರೆ ಸಾಮಾನ್ಯವಾಗಿ ಮುಟ್ಟಲ್ಲ. ಸ್ಟೀರಾಯ್ಡ್ ಜಾಸ್ತಿ ಡೋಸಲ್ಲಿದ್ರೆ ಗಾಯ ಮಾಯಲ್ಲ ಅಂತ ಇಳಿಸೋಕೆ ಹೇಳ್ತಾರೆ, ಆದ್ರೆ ನೀವೇ ದಿಢೀರ್ ನಿಲ್ಲಿಸ್ಬೇಡಿ, ಅದು ಅಪಾಯ. ಬೀಡಿ ಸಿಗರೇಟ್ ಅಷ್ಟೇ ಅಲ್ಲ, ಎಲೆಅಡಿಕೆ ಜೊತೆ ಹೊಗೆಸೊಪ್ಪು, ಗುಟ್ಕಾ ಯಾವುದೂ ನಡೆಯಲ್ಲ, ಕಮ್ಮಿ ಅಂದ್ರೂ 6 ತಿಂಗಳು ಪೂರ್ತಿ ಬಿಟ್ಟಿರಬೇಕು, ಯೂರಿನ್‌ನಲ್ಲಿ ನಿಕೋಟಿನ್ ಅಂಶ ಚೆಕ್ ಮಾಡ್ತಾರೆ, ಊಟ ಆದ್ಮೇಲೆ ಒಂದೇ ಒಂದು ಚೂರು ಅಂದ್ರೂ ಸಿಕ್ಕಿಹಾಕ್ಕೊಳ್ತೀರ. ಹಲ್ಲು ಹುಳುಕಿದ್ರೆ ಈಗ್ಲೇ ಕೀಳಿಸಿ, ಇಲ್ಲಾ ತುಂಬಿಸಿ. ನ್ಯುಮೋಕಾಕಲ್, ಫ್ಲೂ, ಹೆಪಟೈಟಿಸ್ ಬಿ ಲಸಿಕೆ ಕಸಿಗೆ ಮುಂಚೆಯೇ ಮುಗಿಸಿ, ಆಮೇಲೆ ಹಾಕಿಸಿದ್ರೆ ಮೈ ಅಷ್ಟು ಚೆನ್ನಾಗಿ ಹಿಡಿಯಲ್ಲ. ಸುಮ್ಮಸುಮ್ಮನೆ ರಕ್ತ ಹಾಕಿಸ್ಕೊಳ್ಳೋದೂ ಬೇಡ, ಬೇರೆಯವರ ರಕ್ತದಿಂದ ಆಂಟಿಬಾಡಿ ಬೆಳೆದ್ರೆ ಹೊಂದೋ ದಾನಿ ಸಿಗೋದೇ ಕಷ್ಟ ಆಗತ್ತೆ.

ಎಲ್ಲಕ್ಕಿಂತ ಮುಖ್ಯ ತೊಡೆ. ಹೌದು, ತೊಡೆ. ಉಸಿರು ಬರಲ್ಲ ಅಂತ ಮಲಗಿದೋರ ಕಾಲಿನ ಮಾಂಸ ಕರಗಿಹೋಗತ್ತೆ, ಆಪರೇಷನ್ ಆದ್ಮೇಲೆ ಹೊಸ ಶ್ವಾಸಕೋಶ ಕೆಲಸ ಮಾಡಿದ್ರೂ ಎದ್ದು ನಿಲ್ಲೋಕೆ ಆಗಲ್ಲ. ಅಕ್ಕ ಮೂಗಿಗೆ ಆಕ್ಸಿಜನ್ ಹಾಕ್ಕೊಂಡೇ ಊಟದ ಕುರ್ಚಿಯಿಂದ ಕೈ ಊರದೆ ಏಳೋದು ಕೂರೋದು ಮಾಡ್ತಿದ್ಲು, ಮೊದಲ ವಾರ ಒಂದು ಸಲಕ್ಕೆ ನಾಲ್ಕು, ಎರಡು ತಿಂಗಳಾದ್ಮೇಲೆ ಇಪ್ಪತ್ತು. ಪಲ್ಮನರಿ ರಿಹ್ಯಾಬ್ (ಶ್ವಾಸಕೋಶದ ಕಾಯಿಲೆಯೋರಿಗೆ ವ್ಯಾಯಾಮ ಮಾಡಿಸೋದು) ಇರೋ ಫಿಸಿಯೋ ಸಿಕ್ಕಿದ್ರೆ ಬಿಡ್ಬೇಡಿ, ಎಷ್ಟು ಲೀಟರ್ ಇಟ್ಕೊಂಡು ನಡೆಯೋದು ಅಂತ ಅವರೇ ಹೇಳ್ತಾರೆ.

ಮನೇಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ರೆ ಕರೆಂಟ್ ಹೋದಾಗಿನ ವ್ಯವಸ್ಥೆ ಮೊದಲು ನೋಡ್ಕೊಳ್ಳಿ. ಇನ್ವರ್ಟರ್ ಸೈನ್ ವೇವ್‌ದೇ ಆಗಿರಲಿ. ಜೊತೆಗೊಂದು ಬಿ ಟೈಪ್ ಸಿಲಿಂಡರ್ ತುಂಬಿಸಿಡಿ, ಅದರಲ್ಲಿ ಸುಮಾರು 1,500 ಲೀಟರ್ ಇರತ್ತೆ, ನಿಮಿಷಕ್ಕೆ 3 ಲೀಟರ್ ಹಾಕ್ಕೊಂಡ್ರೆ 8 ಗಂಟೆ ಬರತ್ತೆ, 6 ಲೀಟರ್ ಆದ್ರೆ 4 ಗಂಟೆ. ಈ ಲೆಕ್ಕ ಗೋಡೆ ಮೇಲೆ ಬರೆದು ಅಂಟಿಸಿ, ರಾತ್ರಿ ಕರೆಂಟ್ ಹೋದಾಗ ಭಾಗಾಕಾರ ಮಾಡೋಕೆ ಯಾರಿಗೂ ತಲೆ ಓಡಲ್ಲ. ಸಿಲಿಂಡರ್ ಇರೋ ರೂಮಲ್ಲಿ ದೀಪ ಊದುಬತ್ತಿ ಬೇಡವೇ ಬೇಡ.

ಟೆಸ್ಟುಗಳು, ಹೆಸರು ಬರೆಸೋದು, ದುಡ್ಡು

ಎವ್ಯಾಲ್ಯುಯೇಷನ್ ಅಂತ ಕೆಲವು ದಿನ ಟೆಸ್ಟ್ ಮೇಲೆ ಟೆಸ್ಟ್. ಹಾರ್ಟ್‌ಗೆ ಆಂಜಿಯೋ, ಬಲಭಾಗದ ಒತ್ತಡ ಅಳೆಯೋ ಕ್ಯಾಥ್, ಕಿಡ್ನಿ, ಲಿವರ್, ಮೂಳೆ, ಟಿಬಿ, ಎಚ್‌ಐವಿ, ಕ್ಯಾನ್ಸರ್ ಇಲ್ಲ ಅಂತ ನೋಡೋ ಸ್ಕ್ಯಾನುಗಳು, ದಾನಿಗೆ ಹೊಂದತ್ತಾ ಅಂತ ನೋಡೋ ಎಚ್‌ಎಲ್‌ಎ ರಕ್ತ ಪರೀಕ್ಷೆ. ಒಬ್ಬರು ಮಾನಸಿಕ ತಜ್ಞರೂ ಮಾತಾಡ್ತಾರೆ, ಹುಚ್ಚು ಅಂತಲ್ಲ, ಮಾತ್ರೆ ಸರಿಯಾಗಿ ತಗೋತೀರಾ, ನೋಡ್ಕೊಳ್ಳೋರು ಯಾರಿದ್ದಾರೆ ಅಂತ ತಿಳ್ಕೊಳ್ಳೋಕೆ. ನೋಡ್ಕೊಳ್ಳೋರು ಇಬ್ಬರಿರಲಿ. ಭಾವ ಒಬ್ರೇ ನಾನಿದ್ದೀನಿ ಬಿಡಿ ಅಂದಿದ್ರು, ಮೂರನೇ ತಿಂಗಳಿಗೆ ಅವರಿಗೇ ಬಿಪಿ ಮಾತ್ರೆ ಶುರುವಾಯ್ತು.

ಒಂದು ಕಡೆ ಆಗಲ್ಲ ಅಂದ್ರೆ ಇನ್ನೊಂದು ಸೆಂಟರ್‌ನಲ್ಲಿ ಕೇಳಿ, ಎಲ್ಲರ ಅಳತೆಗೋಲು ಒಂದೇ ಅಲ್ಲ. ವಯಸ್ಸಿನ ವಿಷಯದಲ್ಲಿ 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 65 ವರ್ಷದ ಮಿತಿ ತೆಗೆದು ಹಾಕಿದೆ, ಇಂಥ ರಾಜ್ಯದೋರೇ ಆಗಿರಬೇಕು ಅನ್ನೋ ನಿಯಮವನ್ನೂ ಬಿಡಿ ಅಂದಿದೆ, ನೋಂದಣಿಗೆ ಫೀಸ್ ತಗೋಬಾರದು ಅಂತಲೂ ಹೇಳಿದೆ. ಅಂದ್ರೆ ನಮ್ಮ ಊರೋರು ಚೆನ್ನೈ, ಹೈದರಾಬಾದ್‌ನಲ್ಲೂ ಹೆಸರು ಹಾಕಿಸಬಹುದು. ಹಾಗಂತ 72ರ ಅಜ್ಜನಿಗೆ ಎಲ್ಲಾ ಸೆಂಟರ್ ಹೂಂ ಅನ್ನತ್ತೆ ಅಂತಲ್ಲ, ಮೈ ತಡ್ಕೊಳ್ಳತ್ತಾ ಅನ್ನೋದು ಡಾಕ್ಟರ್‌ಗಳ ತೀರ್ಮಾನ. ಎಲ್ಲೂ ಆಗಲ್ಲ ಅಂತಾದ್ರೆ ಪ್ಯಾಲಿಯೇಟಿವ್ ಕೇರ್‌ನೋರನ್ನ (ಕಾಯಿಲೆಯ ಸಂಕಟ ಕಮ್ಮಿ ಮಾಡೋ ಆರೈಕೆಯೋರು) ಹುಡುಕಿ, ಕಮ್ಮಿ ಡೋಸ್ ಮಾರ್ಫಿನ್, ಮುಖಕ್ಕೆ ಒಂದು ಚಿಕ್ಕ ಫ್ಯಾನ್, ಇವು ಉಸಿರಿನ ಸಂಕಟಕ್ಕೆ ನಿಜವಾಗ್ಲೂ ಆರಾಮ ಕೊಡ್ತವೆ. ಲಿಸ್ಟಲ್ಲಿ ಇರೋರೂ ಅವರನ್ನ ನೋಡಬಹುದು, ಕೈಬಿಟ್ರು ಅಂತ ಅರ್ಥ ಅಲ್ಲ.

ಕರ್ನಾಟಕದಲ್ಲಿ ಅಂಗ ಹಂಚೋದು ಜೀವಸಾರ್ಥಕತೆ ಅನ್ನೋ ಸರ್ಕಾರಿ ಸಂಸ್ಥೆ. ನೀವು ನೇರ ಹೋಗಿ ಹೆಸರು ಬರೆಸೋಕೆ ಆಗಲ್ಲ, ಆಸ್ಪತ್ರೆ ಮೂಲಕವೇ ಆಗ್ಬೇಕು. ಶ್ವಾಸಕೋಶ ಬರೋದು ಮೆದುಳು ಸತ್ತವರಿಂದ, ಅವರ ಮನೆಯವರು ಒಪ್ಪಿದ್ರೆ ಮಾತ್ರ. ನಾಲ್ಕು ಡಾಕ್ಟರ್‌ಗಳ ತಂಡ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಸಹಿ ಹಾಕ್ಬೇಕು, 1994ರ ಕಾಯ್ದೆಯಿಂದ ಬಂದ ನಿಯಮ ಇದು. ನಾನು ಬೇಗ ಕೊಡಿಸ್ತೀನಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಕಟ್ ಮಾಡಿ, ಅಂಗ ಮಾರೋದು ಕೊಳ್ಳೋದಕ್ಕೆ 10 ವರ್ಷದ ತನಕ ಜೈಲು, 1 ಕೋಟಿ ತನಕ ದಂಡ ಇದೆ.

ದುಡ್ಡಿನ ವಿಷಯ ಮುಚ್ಚುಮರೆ ಇಲ್ಲದೆ ಹೇಳ್ತೀನಿ, ಪ್ರೈವೇಟ್‌ನಲ್ಲಿ 25ರಿಂದ 40 ಲಕ್ಷ ತಲೇಲಿ ಇಟ್ಕೊಳ್ಳಿ. ಪ್ಯಾಕೇಜ್ ಅಂತ ಹೇಳಿದ ತಕ್ಷಣ ಕೇಳಬೇಕಾದ್ದು: ಐಸಿಯು ಎಷ್ಟು ದಿನ ಸೇರಿದೆ, ಎಕ್ಮೋ (ಹೃದಯ ಶ್ವಾಸಕೋಶದ ಕೆಲಸ ಹೊರಗಿಂದ ಮಾಡೋ ಮಷೀನ್) ಹಾಕಿದ್ರೆ ಬೇರೆನಾ, ಬೇರೆ ಊರಿಂದ ಅಂಗ ವಿಮಾನದಲ್ಲಿ ತಂದ್ರೆ ಅದರ ಖರ್ಚು ಯಾರದು, ಡಿಸ್ಚಾರ್ಜ್ ಆದ್ಮೇಲಿನ ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ಕ್ಯಾಮೆರಾ ಟ್ಯೂಬ್ ಹಾಕಿ ನೋಡೋದು) ಒಳಗಿದೆಯಾ. ನಮಗೆ ವಿಮಾನದ ಬಿಲ್ ಆಮೇಲೆ ಬಂತು. ಇದೆಲ್ಲಾ ಬರವಣಿಗೆಯಲ್ಲಿ ಇಸ್ಕೊಳ್ಳಿ. ಅದರ ಮೇಲೆ ಆಸ್ಪತ್ರೆ ಹತ್ರ ಬಾಡಿಗೆ ಮನೆ, ಆಮೇಲೆ ಜೀವನಪೂರ್ತಿ ತಿಂಗಳಿಗೆ ಹತ್ತಾರು ಸಾವಿರದ ಮಾತ್ರೆ. ಆಪರೇಷನ್ ದುಡ್ಡು ಹೇಗೋ ಹೊಂದಿಸ್ತಾರೆ ಜನ, ಎರಡನೇ ವರ್ಷದ ಮಾತ್ರೆ ದುಡ್ಡಿಗೆ ಒದ್ದಾಡ್ತಾರೆ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಕಸಿಗೆ ಎಷ್ಟು ಮಿತಿ ಅಂತ ಈಗ್ಲೇ ಓದಿ, ಆಸ್ಪತ್ರೆಯ ಸೋಶಿಯಲ್ ವರ್ಕರ್ ಹತ್ರ ಮುಖ್ಯಮಂತ್ರಿ, ಪ್ರಧಾನಮಂತ್ರಿ ಪರಿಹಾರ ನಿಧಿಯ ಅರ್ಜಿ ಕೇಳಿ.

ಕಾಯೋದು

ಇದು ರೇಷನ್ ಅಂಗಡಿ ಕ್ಯೂ ಅಲ್ಲ, ಮುಂದೆ ನಿಂತೋರಿಗೇ ಮೊದಲು ಅನ್ನೋಕೆ. ರಕ್ತದ ಗುಂಪು ಹೊಂದಬೇಕು, ಎದೆಗೂಡಿನ ಸೈಜ್ ಹೊಂದಬೇಕು. ಫೈಬ್ರೋಸಿಸ್‌ನೋರ ಎದೆ ಒಳಗೆ ಎಳ್ಕೊಂಡು ಚಿಕ್ಕದಾಗಿರತ್ತೆ, ಅದಕ್ಕೆ ಕುಳ್ಳಗಿರೋ ಹೆಂಗಸರಿಗೆ ಕಾಯೋದು ಜಾಸ್ತಿ. ಅಕ್ಕ ನಾಲ್ಕಡಿ ಹನ್ನೊಂದಿಂಚು, ಗುಂಪು ಓ, ನೀವೇ ಲೆಕ್ಕ ಹಾಕಿ. ದೇಹದಿಂದ ಹೊರಗೆ ತೆಗೆದ ಶ್ವಾಸಕೋಶ 6 ಗಂಟೆ ಆಸುಪಾಸಲ್ಲಿ ಒಳಗೆ ಕೂರಬೇಕು, ಗ್ರೀನ್ ಕಾರಿಡಾರ್ ಅಂತ ಟ್ರಾಫಿಕ್ ನಿಲ್ಲಿಸೋದು ಇದಕ್ಕೇ. ಆದ್ರಿಂದ ನೀವೂ ಆಸ್ಪತ್ರೆಗೆ ಎರಡು ಗಂಟೆ ಒಳಗೆ ತಲುಪೋ ಹಾಗಿರ್ಬೇಕು. ನಾವು ತುಮಕೂರಲ್ಲೇ ಇರ್ತೀವಿ, 70 ಕಿಲೋಮೀಟರ್ ತಾನೇ ಅಂದ್ಕೊಂಡಿದ್ವಿ, ಒಂದು ಶುಕ್ರವಾರ ಸಂಜೆ ಟ್ರಯಲ್ ಅಂತ ಕಾರಲ್ಲಿ ಹೊರಟು ನೆಲಮಂಗಲದಲ್ಲೇ ಒಂದೂ ಕಾಲು ಗಂಟೆ ನಿಂತ್ವಿ, ಮುಂದಿನ ವಾರ ಬೆಂಗಳೂರಲ್ಲಿ ಗ್ರೌಂಡ್ ಫ್ಲೋರ್ ಮನೆ ಹಿಡಿದ್ವಿ.

ಬ್ಯಾಗ್ ಬಾಗಿಲ ಹತ್ರ ರೆಡಿ ಇರಲಿ: ಫೈಲು, ಆಧಾರ್, ಇನ್ಶೂರೆನ್ಸ್ ಕಾರ್ಡು, ಕನ್ನಡಕ, ಚಾರ್ಜರ್, ತುಂಬಿದ ಸಿಲಿಂಡರ್‌ನ ಕೀ. ಆ ಕೀ ಮರೆತು ಬಿಟ್ರೆ ಸಿಲಿಂಡರ್ ಇದ್ದೂ ಇಲ್ಲದಂಗೆ. ಆಸ್ಪತ್ರೆಗೆ ಮೂರು ಜನರ ನಂಬರ್ ಕೊಡಿ, ಅನ್‌ನೋನ್ ನಂಬರ್ ಬ್ಲಾಕ್ ಮಾಡೋ ಆಪ್ ತೆಗೆದುಹಾಕಿ.

ಮೊದಲ ಫೋನ್ ಬಂದಿದ್ದು ರಾತ್ರಿ ಎರಡೂ ಹತ್ತಕ್ಕೆ. ಏನೂ ತಿನ್ನಬೇಡಿ ಕುಡೀಬೇಡಿ, ಬನ್ನಿ ಅಂದ್ರು. ಹೋದ್ವಿ, ರಕ್ತ ತಗೊಂಡ್ರು, ಎದೆ ಕ್ಲೀನ್ ಮಾಡಿದ್ರು, ಅಕ್ಕ ಬಳೆ ತಾಳಿ ಬಿಚ್ಚಿ ಕರ್ಚೀಫಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಲು. ಬೆಳಗ್ಗೆ ಏಳಕ್ಕೆ ಕೋಆರ್ಡಿನೇಟರ್ ಬಂದು ಆ ಕಡೆ ಶ್ವಾಸಕೋಶದಲ್ಲಿ ಇನ್ಫೆಕ್ಷನ್ ಕಂಡಿದೆ, ಇವತ್ತು ಆಗಲ್ಲ ಅಂದ್ರು. ಇದಕ್ಕೆ ಡ್ರೈ ರನ್ ಅಂತಾರೆ, ಎರಡು ಮೂರು ಸಲ ಆದ್ರೂ ಆಶ್ಚರ್ಯ ಇಲ್ಲ, ಕೆಟ್ಟ ಅಂಗ ಹಾಕಲಿಲ್ಲವಲ್ಲ ಅಂತ ಹೇಳಿ ಕಳಿಸ್ತಾರೆ, ಸರಿಯಾದ ಮಾತೇ, ಆದ್ರೆ ವಾಪಸ್ ಬರೋವಾಗ ಕಾರಲ್ಲಿ ಯಾರೂ ಮಾತಾಡ್ಲಿಲ್ಲ, ದಾರೀಲಿ ಭಾವ ಇಳಿದು ಇಡ್ಲಿ ಕಟ್ಟಿಸ್ಕೊಂಡು ಬಂದ್ರು.

ಆಮೇಲೆ ಹೊಂದೋ ಶ್ವಾಸಕೋಶ ಸಿಕ್ತು. ಆಪರೇಷನ್ ಬಗ್ಗೆ ನಾನು ಹೆಚ್ಚು ಹೇಳಲ್ಲ, ಹೊರಗೆ ಕೂತಿದ್ದವನು. ಗಂಟೆಗಟ್ಟಲೆ ಆಗತ್ತೆ, ಫೈಬ್ರೋಸಿಸ್‌ಗೆ ಒಂದೇ ಶ್ವಾಸಕೋಶ ಹಾಕಿದ್ರೂ ನಡೆಯತ್ತೆ, ಶ್ವಾಸಕೋಶದ ಬಿಪಿ ಜಾಸ್ತಿ ಇದ್ರೆ ಎರಡೂ ಬದಲಾಯಿಸ್ತಾರೆ. ಪ್ರಪಂಚದಲ್ಲಿ ಮೊದಲು ಗೆದ್ದ ಶ್ವಾಸಕೋಶ ಕಸಿ ಆಗಿದ್ದೂ ಫೈಬ್ರೋಸಿಸ್ ರೋಗಿಗೇ, 1983ರಲ್ಲಿ ಟೊರಾಂಟೋದಲ್ಲಿ ಡಾ. ಜೋಯೆಲ್ ಕೂಪರ್ ತಂಡ ಟಾಮ್ ಹಾಲ್ ಅನ್ನೋರಿಗೆ ಒಂದೇ ಕಡೆ ಹಾಕಿತ್ತು, ಅವರು 6 ವರ್ಷಕ್ಕಿಂತ ಜಾಸ್ತಿ ಬದುಕಿದ್ರು. ಅದಕ್ಕೆ ಮುಂಚೆ ಯಾರೂ ಒಂದು ವರ್ಷ ದಾಟಿರ್ಲಿಲ್ಲ. ಈಗಿನ ಲೆಕ್ಕ ಕೇಳಿದ್ರೆ 100ರಲ್ಲಿ ಸುಮಾರು 85 ಜನ ಮೊದಲ ವರ್ಷ ದಾಟ್ತಾರೆ, ಅರ್ಧ ಜನ 5-6 ವರ್ಷ ದಾಟ್ತಾರೆ. ಕಿಡ್ನಿ ಕಸಿಯಷ್ಟು ಬಾಳಿಕೆ ಇಲ್ಲ. ಇದನ್ನ ರೋಗಿಗೂ ಹೇಳಿ, ಸಹಿ ಹಾಕೋರು ಅವರು.

ಮನೆಗೆ ಬಂದ್ಮೇಲೆ

ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಸ್ಟೀರಾಯ್ಡ್, ಈ ಮೂರು ಮೈ ಹೊಸ ಅಂಗವನ್ನ ಒದ್ದು ಹೊರಗೆ ಹಾಕದ ಹಾಗೆ ತಡೀತವೆ, ಜೊತೆಗೆ ಬ್ಯಾಕ್ಟೀರಿಯಾ, ವೈರಸ್, ಬೂಷ್ಟು ಮೂರಕ್ಕೂ ಬೇರೆ ಬೇರೆ ಮಾತ್ರೆ. ಟ್ಯಾಕ್ರೋಲಿಮಸ್ ಬೆಳಗ್ಗೆ 9, ರಾತ್ರಿ 9 ಅಂದ್ರೆ 9ಕ್ಕೇ. ರಕ್ತದಲ್ಲಿ ಅದೆಷ್ಟಿದೆ ಅಂತ ನೋಡೋ ಲೆವೆಲ್ ಟೆಸ್ಟ್ ಇರೋ ದಿನ ಮಾತ್ರ ರಕ್ತ ಕೊಟ್ಟ ಮೇಲೆ ನುಂಗಬೇಕು, ಮೊದಲೇ ನುಂಗಿದ್ರೆ ರಿಪೋರ್ಟ್ ಸುಳ್ಳು ಬರತ್ತೆ, ಡೋಸ್ ತಪ್ಪಾಗತ್ತೆ. ಅಂಗಡಿಯವನು ಅದೇ ಮಾತ್ರೆ ಬೇರೆ ಕಂಪನಿದು ಅಂತ ಕೊಟ್ರೆ ಸೆಂಟರ್‌ಗೆ ಕೇಳದೆ ತಗೋಬೇಡಿ.

ನಮ್ಮ ಕಡೆಯೋರು ಗಮನ ಇಡಬೇಕಾದ ಹಣ್ಣು ಚಕ್ಕೋತ. ದೇವನಹಳ್ಳಿ ಚಕ್ಕೋತ ಎಷ್ಟೇ ಹೆಸರುವಾಸಿ ಆಗಿರಲಿ, ಟ್ಯಾಕ್ರೋಲಿಮಸ್ ಲೆವೆಲ್ ಏರಿಸಿ ಕಿಡ್ನಿಗೆ ಹೊಡೆತ ಕೊಡಬಹುದು. ನಮಗೆ ಒಬ್ಬ ದೊಡ್ಡಪ್ಪ ಪ್ರೀತಿಯಿಂದ ಎರಡು ತಂದುಕೊಟ್ಟಿದ್ರು, ಪಕ್ಕದ ಮನೆಗೆ ದಾಟಿಸಿದ್ವಿ. ಕಷಾಯ, ಲೇಹ್ಯ, ಅಮೃತಬಳ್ಳಿ ರಸ, ಇಮ್ಯುನಿಟಿ ಹೆಚ್ಚಿಸೋ ಪುಡಿ ಯಾವುದೂ ಬೇಡ, ನಾವು ಇಮ್ಯುನಿಟಿ ತಗ್ಗಿಸೋಕೆ ತಿಂಗಳು ತಿಂಗಳು ದುಡ್ಡು ಸುರೀತಿರೋದು. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬೇಡ, ಕಿಡ್ನಿಗೆ ಕೆಟ್ಟದ್ದು. ಬೇರೆ ಡಾಕ್ಟರ್ ಯಾವ ಆಂಟಿಬಯೋಟಿಕ್ ಬರೆದ್ರೂ, ಅದರಲ್ಲೂ ಟಿಬಿಗೆ ಕೊಡೋ ರಿಫಾಂಪಿಸಿನ್ ಇದ್ರೆ, ಮೊದಲು ಸೆಂಟರ್‌ಗೆ ಫೋನ್, ರಿಫಾಂಪಿಸಿನ್ ಟ್ಯಾಕ್ರೋಲಿಮಸ್ ಲೆವೆಲ್ ಪಾತಾಳಕ್ಕೆ ಇಳಿಸತ್ತೆ.

ಊಟ ಬಿಸಿ ಬಿಸಿ, ಮನೇದು. ಕೋಸಂಬರಿ, ಹಸಿ ಮೊಳಕೆಕಾಳು, ಕತ್ತರಿಸಿಟ್ಟ ಹಣ್ಣು, ಪಾನಿಪುರಿ, ಕಾಯಿಸದ ಹಾಲು, ಜಾತ್ರೆ ಪಾನಕ, ದೇವಸ್ಥಾನದ ತೀರ್ಥ, ಇವನ್ನ ಬಿಡ್ಬೇಕು. ತೀರ್ಥಕ್ಕೆ ಅಕ್ಕ ಕಣ್ಣಿಗೊತ್ತಿಕೊಂಡು ಭಾವನ ಕೈಗೆ ಸುರೀತಾಳೆ. ಮೊಸರಿನ ವಿಷಯದಲ್ಲಿ ಒಂದೊಂದು ಸೆಂಟರ್‌ದು ಒಂದೊಂದು ಮಾತು, ನಿಮ್ಮ ಡಯಟಿಷಿಯನ್ ಹೇಳಿದ್ದು ಕೇಳಿ, ಮೊಸರನ್ನ ಇಲ್ದೆ ಊಟ ಮುಗೀದ ಜನ ನಾವು, ಗೊತ್ತು. ತುಳಸಿ ಕುಂಡಕ್ಕೆ ನೀರು ಬೇರೆಯವರು ಹಾಕಲಿ, ಮಣ್ಣಲ್ಲಿರೋ ಬೂಷ್ಟು ಹೊಸ ಶ್ವಾಸಕೋಶಕ್ಕೆ ಆಗಲ್ಲ. ಧೂಪ, ಹೋಮದ ಹೊಗೆ, ಮನೆ ಒಡೆಯೋ ಧೂಳು ಎಲ್ಲದರಿಂದ ದೂರ. ಮಾಳಿಗೆಗೆ ಬಲೆ ಹೊಡೆಸಿದ್ದೀವಿ, ಹೊಸ ಶ್ವಾಸಕೋಶ ಹಾಕ್ಕೊಂಡು ಹಳೇ ಪಾರಿವಾಳದ ಜೊತೆ ಇರೋಕಾಗತ್ತಾ.

ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಕೈ ಸ್ಪೈರೋಮೀಟರ್ ಊದಿ ಬರೆದಿಡಿ. ಎಫ್‌ಇವಿ1 (ಮೊದಲ ಒಂದು ಸೆಕೆಂಡಲ್ಲಿ ಊದೋ ಗಾಳಿ) ಮಾಮೂಲಿಗಿಂತ 10% ಇಳಿದು ಮಾರನೇ ದಿನವೂ ಅಷ್ಟೇ ಇದ್ರೆ ಫೋನ್ ಮಾಡಿ, ಜ್ವರ 100.4 ಮುಟ್ಟಿದ್ರೆ ಬೆಳಗಾಗೋ ತನಕ ಕಾಯ್ಬೇಡಿ. ಹೊಸ ಶ್ವಾಸಕೋಶದ ನರ ಕತ್ತರಿಸಿರತ್ತೆ, ಕಫ ಕಟ್ಟಿದ್ರೂ ಕೆಮ್ಮಬೇಕು ಅಂತ ಅನ್ನಿಸಲ್ಲ, ಅದಕ್ಕೆ ಬೇಕಂತಲೇ ಕೆಮ್ಮಿ ಕಫ ತೆಗೆಯೋ ಅಭ್ಯಾಸ ಫಿಸಿಯೋ ಕಲಿಸ್ತಾರೆ, ಬಿಡ್ಬೇಡಿ. ಕೆಮ್ಮಿಲ್ಲ, ನೋವಿಲ್ಲ, ಆದ್ರೂ ನಂಬರ್ ನಿಧಾನಕ್ಕೆ ಜಾರ್ತಿದ್ರೆ ಅದು ಕ್ರಾನಿಕ್ ರಿಜೆಕ್ಷನ್ (ಮೈ ಹೊಸ ಅಂಗವನ್ನ ನಿಧಾನಕ್ಕೆ ತಿರಸ್ಕರಿಸೋದು) ಶುರು ಇರಬಹುದು, ಬ್ರಾಂಕೋಸ್ಕೋಪಿ ಚೆಕಪ್ ಒಂದೂ ತಪ್ಪಿಸಬಾರದು ಅನ್ನೋದು ಇದಕ್ಕೇ. ಶುಗರ್ ಏರಬಹುದು, ಕೈ ನಡುಗಬಹುದು, ಅಕ್ಕಂಗೆ ಎರಡೂ ಆಯ್ತು, ಈಗ ಕಾಫಿ ಲೋಟ ಎರಡು ಕೈಲಿ ಹಿಡೀತಾಳೆ.

ಬ್ಯಾಗಲ್ಲಿ ಎರಡು ಎಕ್ಸ್ಟ್ರಾ ಮಾಸ್ಕ್ ಯಾವಾಗ್ಲೂ ಇರಲಿ, ಬೆವರಿಗೆ ಒದ್ದೆ ಆದ್ರೆ ಬದಲಾಯಿಸೋಕೆ. ಮೊನ್ನೆ ಅಕ್ಕ ತರಕಾರಿ ಅಂಗಡಿ ತನಕ ನಡ್ಕೊಂಡೇ ಹೋಗಿದ್ಲು, ಆಕ್ಸಿಜನ್ ಇಲ್ದೆ, ಮಾಸ್ಕ್ ಹಾಕ್ಕೊಂಡು. ಅಂಗಡಿಯಮ್ಮ "ಇನ್ನೂ ಕೊರೋನಾನಾ ಅಕ್ಕ?" ಅಂದ್ರಂತೆ. ಇವಳು ಹೂಂ ಅಂದು ಕಾಲು ಕೆಜಿ ಹೀರೆಕಾಯಿ ತಗೊಂಡು ಬಂದ್ಲು.